ಮೋರಿಸನ ಹನ್ನೆರಡು ಪೀಪಾಯಿ

ಮೋರಿಸ್ ಕ್ವಾಡ್ರಸನನ್ನು ಕಂಡರೆ ಕುವೈತ್ ವಿಮಾನ ನಿಲ್ದಾಣದ ಆ ಶೆಡ್ಡಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವನಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ, ಹಾಗಾಗಿ ಲೆಕ್ಕ ಸರಿಯಾಗಿಯೇ ಇತ್ತು. ಬೆಳಿಗ್ಗೆ ಡ್ಯೂಟಿಗೆ ಬಂದವನೇ ಒಬ್ಬನ ಬೂಟಿಗೆ ಬೈಯುವುದು, ಇನ್ನೊಬ್ಬನ ಟ್ರಾಲಿ ಅಡ್ಡ ನಿಂತಿದೆಯೆಂದು ಬೈಯುವುದು, ಬೈಯಲು ಯಾರೂ ಸಿಗದಿದ್ದರೆ ಬಾಗಿಲ ಚಿಲಕಕ್ಕೆ ಬೈಯುವುದು. ಕೋಪ ಅವನ ಮೂಗಿನ ತುದಿಯಲ್ಲೇ ಇತ್ತು, ಮೂಗೂ ಸಣ್ಣದೇನಲ್ಲ.

ಅವನ ಕೆಲಸವೇ ಹಾಗಿತ್ತೆಂದು ಹೇಳಬೇಕು. ಐವತ್ತು ಡಿಗ್ರಿ ಸೆಕೆಯ ಊರಿನಲ್ಲಿ ಅವನು ಚಳಿಯ ಸಾಮಾನಿನ ಉಸ್ತುವಾರಿ. ವಿಮಾನದ ರೆಕ್ಕೆಯ ಮೇಲೆ ಹಿಮ ಕಟ್ಟಿದರೆ ಅದನ್ನು ಕರಗಿಸಿ, ಮತ್ತೆ ಕಟ್ಟದ ಹಾಗೆ ರೆಕ್ಕೆಗೆ ಅಂಟಿ ನಿಲ್ಲುವ ಒಂದು ಹಸಿರು ದ್ರಾವಣವಿದೆ. ಗಂಜಿಯಷ್ಟು ಮಂದ. ಉತ್ತರದ ಚಳಿ ದೇಶಗಳಿಗೆ ಹಾರುವ ಒಂದು ವಿಮಾನ ಕಂಪನಿಯ ಕರಾರಿನಲ್ಲಿ, ಅದು ಕುವೈತಿನಲ್ಲೂ ಸದಾ ಸಿದ್ಧವಿರಬೇಕು ಎಂದು ಬರೆದಿತ್ತು. ಮೋರಿಸ್ ದುಡಿಯುತ್ತಿದ್ದುದು ಆ ವಿಮಾನಗಳ ಸಾಮಾನು ಇಳಿಸಿ ಏರಿಸುವ ಗುತ್ತಿಗೆಯವರ ಕೈಕೆಳಗೆ. ಅವರು ದ್ರಾವಣದ ಹನ್ನೆರಡು ನೀಲಿ ಪೀಪಾಯಿ ತರಿಸಿದರು, ಶೆಡ್ಡಿನ ಹಿಂದೆ ಒಂದು ಎ.ಸಿ. ಕೋಣೆ ಕಟ್ಟಿಸಿದರು, ಬೀಗದ ಕೈಯನ್ನು ಮೋರಿಸನಿಗೆ ಕೊಟ್ಟರು. ಆರು ವರ್ಷದಲ್ಲಿ ಆ ಪೀಪಾಯಿಗಳನ್ನು ಬಳಸಿದ್ದು ಎರಡೇ ಸಲ.

ಮೋರಿಸ್ ಮೂಡುಬೆಳ್ಳೆಯವನು. ಉಡುಪಿಯಲ್ಲಿ ಐ.ಟಿ.ಐ. ಮಾಡಿ, ಮುಂಬೈ ನಿಲ್ದಾಣದಲ್ಲಿ ಹೆಲ್ಪರ್ ಆಗಿ ಎಂಟು ವರ್ಷ ಗ್ರೀಸು ಬಳಿದು, ಆಮೇಲೆ ಕುವೈತಿಗೆ ಬಂದವನು. ಈ ಕೆಲಸ ಕಲಿಯಲೆಂದು ಕಂಪನಿ ಅವನನ್ನು ಹನ್ನೆರಡು ದಿನ ಉತ್ತರದ ಒಂದು ಊರಿಗೆ ಕಳಿಸಿತ್ತು. ಅಲ್ಲಿ ಸೊನ್ನೆಯ ಕೆಳಗೆ ಇಪ್ಪತ್ತೆಂಟು. ಎರಡನೇ ದಿನವೇ ಕೈಗವಸು ತೆಗೆದು ಕಬ್ಬಿಣದ ಏಣಿ ಹಿಡಿದ. ಎರಡು ಬೆರಳಿನ ಚರ್ಮ ಏಣಿಗೇ ಅಂಟಿ ಉಳಿಯಿತು. ಕಲಿಸುತ್ತಿದ್ದ ಮುದುಕ ನಗಲಿಲ್ಲ. ಬಿಳಿ ರೆಕ್ಕೆಯ ಮೇಲಿನ ತೆಳು ಹಿಮ ಕಣ್ಣಿಗೆ ಕಾಣುವುದಿಲ್ಲ, ಬರಿಗೈಯಿಂದ ಸವರಿಯೇ ನೋಡಬೇಕು, ಮರಳು ಕಾಗದದಷ್ಟು ಒರಟಿದ್ದರೂ ವಿಮಾನ ಮೇಲೇಳದೆ ಬೀಳಬಹುದು ಎಂದ. ಮೋರಿಸ್ ಆ ಮಾತನ್ನು ದೇವರ ಮಾತಿನಂತೆ ಎದೆಗೆ ಹಚ್ಚಿಕೊಂಡ. ಅವನಿಗಿಂತ ಹೆಚ್ಚು ಓದಿದವರ ನಡುವೆ ಅವನಿಗೊಬ್ಬನಿಗೇ ಗೊತ್ತಿದ್ದ ಸಂಗತಿ ಅದೊಂದೇ. ಅದಕ್ಕೇ ಅಷ್ಟು ಅಹಂಕಾರ.

ಜಗಳವೆಲ್ಲ ಬೇಸಿಗೆಯದು. ಜುಲೈ, ಆಗಸ್ಟಿನಲ್ಲಿ ಕಾಂಕ್ರೀಟು ಕಾದು ಬೂಟಿನ ಅಡಿ ಮೆತ್ತಗಾಗುವಾಗ, ಸಾಮಾನು ಹೊರುವ ಹದಿನಾಲ್ಕು ಮಂದಿಗೆ ಸಿಗುತ್ತಿದ್ದುದು ತಗಡಿನ ನೆರಳು, ಬಿಸಿಗಾಳಿ ಊದುವ ಒಂದು ಫ್ಯಾನು. ಗೋಡೆಯ ಆಚೆ ಹನ್ನೆರಡು ಪೀಪಾಯಿಗಳು ಇಪ್ಪತ್ತೆರಡು ಡಿಗ್ರಿಯ ತಂಪಿನಲ್ಲಿ ಹಾಯಾಗಿ ನಿಂತಿರುತ್ತಿದ್ದವು.

"ಪೀಪಾಯಿಗೆ ಎ.ಸಿ., ಮನುಷ್ಯನಿಗೆ ಬೆಂಕಿ. ಒಳ್ಳೆ ನ್ಯಾಯ ಮಾರಾಯ," ಎಂದು ತನಿಯಪ್ಪ ಕೇಳುತ್ತಿದ್ದ. ಅವನು ಹೊರೆಯಾಳುಗಳ ಮೇಸ್ತ್ರಿ, ಬಂಟ್ವಾಳದ ಕಡೆಯವನು, ಮಾತಿನಲ್ಲಿ ಮೋರಿಸನಿಗೇನೂ ಕಡಿಮೆಯಿಲ್ಲ. "ಚಳಿಯ ಮದ್ದಿಗೆ ಬಿಸಿಲು ಎಂತ ಮಾಡ್ತದೆ? ಅದು ಮೊದಲೇ ಚಳಿಯನ್ನು ಕೊಲ್ಲುವ ಸಾಮಾನಲ್ಲವಾ?"

"ನಿನ್ನ ತಲೆ ಬಿಸಿಲಿಗೆ ಹಾಳಾದ ಹಾಗೆ ಅದೂ ಹಾಳಾಗ್ತದೆ," ಎನ್ನುತ್ತಿದ್ದ ಮೋರಿಸ್. "ಬಿಸಿಲು ತಿಂದ್ರೆ ಗಂಜಿ ಹೋಗಿ ತಿಳಿ ಆಗ್ತದೆ. ರೆಕ್ಕೆಯಲ್ಲಿ ನಿಲ್ಲುವುದಿಲ್ಲ. ನಡಿ ನಡಿ, ಬಾಗಿಲು ಬಿಡು."

ಅವನು ಹೇಳಿದ್ದು ಸುಳ್ಳಲ್ಲ. ಪ್ರತಿ ನವೆಂಬರಿನಲ್ಲಿ ಅವನು ಒಂದು ಗಾಜಿನ ಕೊಳವೆಯಲ್ಲಿ ದ್ರಾವಣ ತುಂಬಿ, ಮೇಲಿಂದ ಉಕ್ಕಿನ ಸಣ್ಣ ಗುಂಡು ಬಿಡುತ್ತಿದ್ದ. ಗುಂಡು ತಳ ಮುಟ್ಟುವುದಕ್ಕೆ ಹದಿನೆಂಟು ಎಣಿಸುವಷ್ಟಾದರೂ ಹೊತ್ತು ಬೇಕು. ಅದಕ್ಕಿಂತ ಬೇಗ ಬಿದ್ದರೆ ದ್ರಾವಣ ಕೆಟ್ಟಿತೆಂದೇ ಅರ್ಥ. ಐದು ನವೆಂಬರುಗಳಲ್ಲಿ ಅವನು ರಿಜಿಸ್ಟರಿನಲ್ಲಿ ಬರೆದದ್ದು ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು. ಬರೆಯುವಾಗ ಮಗಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಷ್ಟೇ ಹೆಮ್ಮೆ.

ಆರನೆಯ ಬೇಸಿಗೆಯ ಆಗಸ್ಟಿನಲ್ಲಿ, ಒಂದು ಮಧ್ಯಾಹ್ನ, ತನಿಯಪ್ಪ ವಿಮಾನದ ಹೊಟ್ಟೆಯಿಂದ ಪೆಟ್ಟಿಗೆ ಇಳಿಸಿ ಬಂದವನು ಕೋಣೆಯ ಬಾಗಿಲಲ್ಲೇ ಕುಸಿದ. ಮೈ ಕಾದ ಹೆಂಚು, ಬೆವರೇ ಇಲ್ಲ, ಕಣ್ಣು ಮೇಲಕ್ಕೆ. ಮೋರಿಸ್ ಬೈಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಒಬ್ಬನೇ ಆರು ಪೀಪಾಯಿಗಳನ್ನು ಉರುಳಿಸಿ ಹೊರಗೆ ಹಾಕಿದ, ತನಿಯಪ್ಪನನ್ನು ಎಳೆದು ತಂಪು ನೆಲದ ಮೇಲೆ ಮಲಗಿಸಿದ, ಅಂಗಿ ಹರಿದು ನೀರು ಸುರಿದ. ಆಂಬುಲೆನ್ಸ್ ಬರುವಷ್ಟರಲ್ಲಿ ತನಿಯಪ್ಪನಿಗೆ ಉಸಿರು ನೆಟ್ಟಗಾಗಿ, ಮೊದಲು ಆಡಿದ ಮಾತು, "ನನ್ನ ಅಂಗಿ ಯಾರು ಹರಿದದ್ದು?"

ಮರುದಿನ ಮಧ್ಯಾಹ್ನ ನಾಲ್ಕು ಮಂದಿ ಬಾಗಿಲಲ್ಲಿ ನಿಂತರು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಅವರ ಕಪ್ಪಾದ ತುಟಿಗಳನ್ನು ಮೋರಿಸ್ ನೋಡಿದ. "ಹತ್ತು ನಿಮಿಷ. ಹನ್ನೊಂದಾದರೆ ಒದೀತೇನೆ," ಎಂದು ಬಾಗಿಲು ತೆರೆದ. ಅದರ ಮರುದಿನ ಹದಿಮೂರು ಮಂದಿ ಬಂದರು. ಉಳಿದ ಆರು ಪೀಪಾಯಿಗಳೂ ಹೊರಗೆ ಹೋದವು. ಟಾರ್ಪಾಲು ಹೊದೆಸಿ ಗೋಡೆಗೆ ಒರಗಿಸಿಟ್ಟ. ಹನ್ನೊಂದು ದಿನ ಅವು ಆ ಬಿಸಿಲಿನಲ್ಲೇ ನಿಂತವು. ಚಳಿಯ ಮದ್ದಿಗೆ ಹನ್ನೊಂದು ದಿನದ ಬಿಸಿಲು ಎಂತ ಮಾಡೀತು ಎಂದು, ಆರು ವರ್ಷ ಯಾವ ಮಾತಿಗೆ ಜನರನ್ನು ಮೂದಲಿಸಿದ್ದನೋ ಅದೇ ಮಾತನ್ನು ತನಗೆ ತಾನೇ ಹೇಳಿಕೊಂಡ.

ಹನ್ನೆರಡನೆಯ ದಿನ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂತು. ಮೋರಿಸ್ ಹೆದರಿದ. ಹೆದರಿಕೆಯನ್ನು ಯಾವತ್ತೂ ತೋರಿಸುವ ಹಾಗೆ ಅವತ್ತೂ ಬೈಗುಳದಲ್ಲೇ ತೋರಿಸಿದ. ಒಳಗೆ ಕೂತಿದ್ದವರನ್ನು ಹೆಸರು ಹಿಡಿದು ಬೈದು, ಒಬ್ಬನ ಊಟದ ಡಬ್ಬಿಯನ್ನು ಹೊರಗೆ ಎಸೆದು, ಪೀಪಾಯಿಗಳನ್ನು ಒಳಗೆ ಉರುಳಿಸಿ ಬೀಗ ಜಡಿದ. ತಪಾಸಣೆಯವರು ಬಂದು ಪೀಪಾಯಿ ಎಣಿಸಿಕೊಂಡು ಹೋದರು, ಅಷ್ಟೆ. ಮನುಷ್ಯರ ನೆನಪು ವಿಚಿತ್ರ. ಹನ್ನೊಂದು ದಿನದ ತಂಪು ಯಾರಿಗೂ ನೆನಪು ಉಳಿಯಲಿಲ್ಲ, ಮರಳಿನಲ್ಲಿ ಚೆಲ್ಲಿದ ಅನ್ನ ಮಾತ್ರ ಉಳಿಯಿತು. ಅಂದಿನಿಂದ ಅವರು ಅವನ ಮುಖ ಕಂಡರೆ ಉಗುಳತೊಡಗಿದರು.

ನವೆಂಬರ್ ಬಂತು. ಮೋರಿಸ್ ಗಾಜಿನ ಕೊಳವೆಯನ್ನು ಕಪಾಟಿನಿಂದ ತೆಗೆದ, ಒರೆಸಿದ, ಹಾಗೆಯೇ ಒಳಗಿಟ್ಟ. ಗುಂಡು ಬಿಡುವ ಧೈರ್ಯ ಅವನಿಗಾಗಲಿಲ್ಲ. ಅವನ ಇಕಾಮಾ ಫೆಬ್ರವರಿಗೆ ಮುಗಿಯುವುದರಲ್ಲಿತ್ತು. ಅದಿಲ್ಲದೆ ಕುವೈತಿನಲ್ಲಿ ಒಂದು ದಿನ ಇರುವ ಹಾಗಿಲ್ಲ, ಹೆಂಡತಿ ಜೆಸ್ಸಿ, ಮಗಳು ಮೆಲಿಶಾ ಇಬ್ಬರೂ ಅವನ ಇಕಾಮಾಕ್ಕೇ ನೇತುಬಿದ್ದವರು. ಮೆಲಿಶಾ ಹನ್ನೆರಡನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಪೀಪಾಯಿ ಕೆಡಿಸಿದವನ ಇಕಾಮಾವನ್ನು ಯಾವ ಕಂಪನಿ ಮುಂದುವರಿಸುತ್ತದೆ? ಮೋರಿಸ್ ರಿಜಿಸ್ಟರು ತೆರೆದು, ಹಿಂದಿನ ವರ್ಷದ ಸಾಲನ್ನು ನೋಡಿ, ಹತ್ತೊಂಬತ್ತು ಎಂದು ಬರೆದು ಸಹಿ ಹಾಕಿದ. ಜೀವಮಾನದಲ್ಲಿ ಅವನು ಬರೆದ ಮೊದಲ ಸುಳ್ಳು ಅದು. ಅಕ್ಷರ ಮಾತ್ರ ಎಂದಿನಂತೆ ದುಂಡಗೇ ಬಂತು.

ಜನವರಿಯಲ್ಲಿ ಆ ಬೆಳಿಗ್ಗೆ ಬಂದೇ ಬಂತು. ಮರುಭೂಮಿಯ ಚಳಿ ನಮ್ಮೂರಿನವರಿಗೆ ಹೇಳಿದರೆ ಅರ್ಥವಾಗದು. ಜಹ್ರಾದ ಆಚೆ ಟೆಂಟು ಹಾಕಿದವರ ಬಕೆಟಿನ ನೀರು ಗಟ್ಟಿಯಾಗಿತ್ತಂತೆ. ನಿಲ್ದಾಣದಲ್ಲಿ ಒಂದು ಡಿಗ್ರಿ, ಮೇಲಿಂದ ದಟ್ಟ ಮಂಜು. ಉತ್ತರದಿಂದ ಬಂದಿಳಿದ ವಿಮಾನದ ರೆಕ್ಕೆಯೊಳಗಿನ ಇಂಧನ ಇನ್ನೂ ಅಲ್ಲಿಯ ಚಳಿಯನ್ನೇ ಹೊತ್ತಿತ್ತು. ಮಂಜಿನ ತೇವ ಆ ರೆಕ್ಕೆಗೆ ತಾಗಿದಲ್ಲೇ ಹೆಪ್ಪುಗಟ್ಟುತ್ತಿತ್ತು. ಆರೂಕಾಲಕ್ಕೆ ಮೋರಿಸ್ ಏಣಿ ಹತ್ತಿ ಬರಿಗೈಯಿಂದ ಸವರಿದ. ಮರಳು ಕಾಗದ.

ಕೆಳಗೆ ಡ್ಯೂಟಿ ಮ್ಯಾನೇಜರ್ ಅಬ್ದುಲ್ ಹಕೀಂ ಕಾಯುತ್ತಿದ್ದ. ಉಳ್ಳಾಲದವನು, ಮೋರಿಸನಿಗಿಂತ ಹದಿನೈದು ವರ್ಷ ಚಿಕ್ಕವನು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲೂ ಫೋನು. "ಕ್ಯಾಪ್ಟನ್ ಸ್ಪ್ರೇ ಕೇಳಿದ್ದಾನೆ. ರಿಜಿಸ್ಟರ್ ತೋರಿಸಿದೆ, ಓಕೆ ಅಂದ. ಏಳೂ ನಲವತ್ತಕ್ಕೆ ಹೋಗ್ಬೇಕು, ಡಿಲೇ ಆದ್ರೆ ನಮ್ಮ ಹೆಸರಿಗೆ ಬರ್ತದೆ. ಯಲ್ಲಾ ಮೋರಿಸ್, ಆರು ವರ್ಷ ಪೀಪಾಯಿ ಕಾದದ್ದಕ್ಕೆ ಇವತ್ತು ಒಂದು ಕೆಲಸ ಮಾಡಿ ತೋರಿಸು."

ತನಿಯಪ್ಪ ಸ್ಪ್ರೇ ಗಾಡಿಯ ಸ್ಟೇರಿಂಗ್ ಹಿಡಿದು ಕೂತಿದ್ದ. ಮೋರಿಸನನ್ನು ನೋಡಿ ಮುಖ ತಿರುಗಿಸಿದ.

ಯಾರೂ ಪರೀಕ್ಷೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ರಿಜಿಸ್ಟರಿನಲ್ಲಿ ಹತ್ತೊಂಬತ್ತು ಇತ್ತಲ್ಲ. ಮೋರಿಸ್ ಸುಮ್ಮನೆ ಪೈಪು ಜೋಡಿಸಿದರೆ ಮುಗಿಯಿತು. ಹಿಮ ಕರಗುತ್ತದೆ, ಎಲ್ಲರೂ ಶಾಭಾಸ್ ಎನ್ನುತ್ತಾರೆ, ಫೆಬ್ರವರಿಯಲ್ಲಿ ಇಕಾಮಾಕ್ಕೆ ಸಹಿ ಬೀಳುತ್ತದೆ, ಮೆಲಿಶಾ ಪರೀಕ್ಷೆ ಬರೆಯುತ್ತಾಳೆ. ದ್ರಾವಣ ಕೆಟ್ಟಿರದಿದ್ದರೂ ಇರಬಹುದು. ಕೆಟ್ಟಿದ್ದರೆ ಮಾತ್ರ ಎರಡೇ ನಿಮಿಷದಲ್ಲಿ ರೆಕ್ಕೆಯಿಂದ ಜಾರಿ ಹೋಗುತ್ತದೆ. ವಿಮಾನ ಮಂಜಿನಲ್ಲಿ ಓಡುದಾರಿಯ ತುದಿಗೆ ಹೋಗುವಷ್ಟರಲ್ಲಿ ಹಿಮ ಮತ್ತೆ ಕಟ್ಟುತ್ತದೆ, ಅಲ್ಲಿ ಏಣಿ ಹತ್ತಿ ಸವರಿ ನೋಡುವವರು ಯಾರೂ ಇರುವುದಿಲ್ಲ. ಬಸ್ಸಿನಿಂದಿಳಿದು ಮೆಟ್ಟಿಲ ಬಳಿ ನಡುಗುತ್ತಾ ನಿಂತಿದ್ದ ಜನರ ಕಡೆ ಅವನು ಬೇಕೆಂದೇ ನೋಡಲಿಲ್ಲ. ನೋಡಿದರೆ ಎಣಿಸುತ್ತಿದ್ದ.

ಕೋಣೆಗೆ ಹೋಗಿ ಪೀಪಾಯಿಯ ಮುಚ್ಚಳ ತೆರೆದ. ಮೂರು ಸಲ ಮುಚ್ಚಿದ, ಮೂರು ಸಲ ತೆರೆದ. ಕಡೆಗೆ ಕಪಾಟಿನಿಂದ ಗಾಜಿನ ಕೊಳವೆ ತೆಗೆದು ತುಂಬಿಸಿಕೊಂಡು ಹೊರಗೆ ಬಂದ. ಹಕೀಮನ ಮುಂದೆ, ತನಿಯಪ್ಪನ ಮುಂದೆ, ಗಾಡಿಯ ಬಾನೆಟ್ಟಿನ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿದ.

"ಇದೆಂತ ಈಗ ಸರ್ಕಸ್ಸು?" ಎಂದ ಹಕೀಂ.

"ಎಣಿಸಿ," ಎಂದು ಮೋರಿಸ್ ಗುಂಡು ಬಿಟ್ಟ.

ಹಕೀಂ ಎಣಿಸಲಿಲ್ಲ. ಮೋರಿಸನೇ ಎಣಿಸಿದ. ಆರು ಎನ್ನುವಷ್ಟರಲ್ಲಿ ಟಕ್ ಎಂದಿತು. ಗೊತ್ತಿದ್ದ ಸಂಗತಿಯೇ ಆದರೂ ಗೊತ್ತಾಗುವಾಗ ಇಷ್ಟು ನೋಯುತ್ತದೆಂದು ಅವನು ಎಣಿಸಿರಲಿಲ್ಲ.

"ಹದಿನೆಂಟು ಬೇಕು. ಇದು ಆರು. ಮದ್ದು ಸತ್ತಿದೆ. ಇದನ್ನು ಹಾಕಿ ವಿಮಾನ ಕಳಿಸ್ಲಿಕ್ಕೆ ನಾನು ಬಿಡುವುದಿಲ್ಲ."

"ರಿಜಿಸ್ಟರಿನಲ್ಲಿ ಹತ್ತೊಂಬತ್ತು ಬರೆದದ್ದು ಯಾರು? ನಿನ್ನ ಅಪ್ಪನಾ?"

"ನಾನೇ. ಪರೀಕ್ಷೆ ಮಾಡ್ದೆ ಬರೆದದ್ದು."

ಹಕೀಮನ ಮುಖ ಕೆಂಪೇರಿತು. "ನಾಚಿಕೆ ಆಗುವುದಿಲ್ಲವಾ? ವರ್ಷವಿಡೀ ನಮ್ಮ ತಲೆ ತಿಂದದ್ದು ನೀನು! ಕೋಣೆ ಉಂಟು, ಎ.ಸಿ. ಉಂಟು, ಬೀಗ ಉಂಟು. ಮತ್ತೆ ಹಾಳಾದದ್ದು ಹೇಗೆ?"

"ಆಗಸ್ಟಿನಲ್ಲಿ ಹೊರಗೆ ಬಿಸಿಲಲ್ಲಿ ಇಟ್ಟಿದ್ದೆ. ಹನ್ನೊಂದು ದಿನ."

"ಯಾಕೆ?"

ತನಿಯಪ್ಪ ಗಾಡಿಯಲ್ಲೇ ಕೂತಿದ್ದ, ಕಿವಿಗೆ ಬೀಳದಷ್ಟು ದೂರವೇನಲ್ಲ. ಮೋರಿಸ್ ಅವನ ಕಡೆ ನೋಡಿದ. ಹಿಂದೆ ಟ್ರಾಲಿಯ ಬಳಿ ನಿಂತ ನಾಲ್ಕು ಮಂದಿಯ ಕಡೆಯೂ ನೋಡಿದ. ಯಾರಾದರೂ ಒಬ್ಬ ಬಾಯಿ ಬಿಟ್ಟರೆ ಸಾಕಿತ್ತು. ಒಂದು ಜೀವ ಉಳಿಸಲು ಹೊರಗಿಟ್ಟದ್ದು ಎಂದರೆ ಹಕೀಮನೂ ಮನುಷ್ಯನೇ, ಸ್ವಲ್ಪ ಮೆತ್ತಗಾಗುತ್ತಿದ್ದ. ಆದರೆ ಮ್ಯಾನೇಜರನ ಅಪ್ಪಣೆಯಿಲ್ಲದೆ ಆ ಕೋಣೆಯಲ್ಲಿ ಕೂತವರು ಅವರೂ ಹೌದು. ತನಿಯಪ್ಪ ಸ್ಟೇರಿಂಗನ್ನು ನೋಡುತ್ತಾ ಕೂತ. ಉಳಿದವರು ಬೂಟು ನೋಡಿಕೊಂಡರು. ಅವರ ಬಾಯಿಂದ ಹೇಳಿಸಲು ಮೋರಿಸನ ಸೊಕ್ಕು ಒಪ್ಪಲಿಲ್ಲ.

"ಜಾಗ ಬೇಕಿತ್ತು," ಎಂದ.

"ಖಲಾಸ್," ಎಂದ ಹಕೀಂ. "ನಿನ್ನ ಕತೆ ಖಲಾಸ್. ಬೀಗದ ಕೈ ಕೊಡು."

ಕ್ಯಾಪ್ಟನ್ ಹಾರಲು ಒಪ್ಪಲಿಲ್ಲ. ಜನ ಬಸ್ಸಿನಲ್ಲಿ ವಾಪಸು ಹೋಗಿ ಬೈದರು, ಹಕೀಂ ಎರಡು ಫೋನುಗಳಲ್ಲೂ ಬೈಸಿಕೊಂಡ, ಅಷ್ಟನ್ನೂ ತಂದು ಮೋರಿಸನ ಮೇಲೆ ಸುರಿದ. ಒಂಬತ್ತೂವರೆಗೆ ಮಂಜು ಹರಿದು ಬಿಸಿಲು ಬಿತ್ತು. ಪೀಪಾಯಿಗಳನ್ನು ಕೆಡಿಸಿದ ಆ ಹಾಳು ಸೂರ್ಯನೇ ರೆಕ್ಕೆಯನ್ನು ಪುಕ್ಕಟೆ ಒಣಗಿಸಿದ. ಮೋರಿಸ್ ಕೊನೆಯ ಸಲ ಏಣಿ ಹತ್ತಿ ಎರಡೂ ರೆಕ್ಕೆಗಳನ್ನು ತುದಿಯಿಂದ ತುದಿಗೆ ಸವರಿದ. ನುಣುಪು. ಹತ್ತೂ ಇಪ್ಪತ್ತಕ್ಕೆ ವಿಮಾನ ಹಾರಿತು. ಯಾರೂ ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ, ಆ ವಿಮಾನದಲ್ಲಿದ್ದವರಿಗಂತೂ ತಡವಾದದ್ದು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ.

ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ ಜೆಸ್ಸಿ ವಿಷಯ ಕೇಳಿ ಸೌಟು ಕುಕ್ಕಿದಳು. "ನಿಮಗೆ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲವಾ? ನವೆಂಬರಿನಲ್ಲಿ ಸುಳ್ಳು ಬರೆಯುವಾಗ ಇದ್ದ ಧೈರ್ಯ ಜನವರಿಯಲ್ಲಿ ಎಲ್ಲಿ ಹೋಯ್ತು?"

"ನವೆಂಬರಿನಲ್ಲಿ ರೆಕ್ಕೆಯ ಕೆಳಗೆ ಜನ ಇರ್ಲಿಲ್ಲ," ಎಂದ ಮೋರಿಸ್.

"ಮಗಳು ಇದ್ದಳಲ್ಲ, ಎರಡು ಸಲವೂ!"

ಮೆಲಿಶಾ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. "ಡ್ಯಾಡಾ, ವಿಲ್ ಐ ಗೆಟ್ ಟು ರೈಟ್ ಮೈ ಬೋರ್ಡ್ಸ್?" ಎಂದು ಮಾತ್ರ ಕೇಳಿದಳು. ಮೋರಿಸ್ ಏಣಿಯಲ್ಲಿ ಚರ್ಮ ಕಳೆದುಕೊಂಡಿದ್ದ ಎರಡು ಬೆರಳುಗಳನ್ನು ಉಜ್ಜುತ್ತಾ ಕೂತ. ಹೌದು ಎನ್ನಲು ಇನ್ನೊಂದು ಸುಳ್ಳು ಅವನಿಂದಾಗಲಿಲ್ಲ.

ಹಕೀಂ ಅವನನ್ನು ಅಂದೇ ಓಡಿಸಬಹುದಿತ್ತು. ಹಾಗೆ ಮಾಡದೆ ಏಪ್ರಿಲ್ ಕೊನೆಯವರೆಗೆ ನೋಟಿಸ್ ಕೊಟ್ಟು, ಇಕಾಮಾವನ್ನೂ ಅಷ್ಟರ ಮಟ್ಟಿಗೆ ಎಳೆದ. "ನಿನ್ನ ಮುಖ ನೋಡಿ ಅಲ್ಲ, ಆ ಹುಡುಗಿಯ ಪರೀಕ್ಷೆಗೆ. ಮೇ ಒಂದಕ್ಕೆ ನೀನು ಈ ದೇಶದಲ್ಲಿ ಇರಬಾರದು," ಎಂದ. ಅವನು ಮಾಡಿದ ಒಂದೇ ಉಪಕಾರ ಅದು, ಅದನ್ನೂ ಬೈಯುತ್ತಲೇ ಮಾಡಿದ. ಮೂರು ತಿಂಗಳು ಮೋರಿಸ್ ಹೊರೆಯಾಳುಗಳ ಜೊತೆ ಟ್ರಾಲಿ ತಳ್ಳಿದ. ಮೇಸ್ತ್ರಿ ತನಿಯಪ್ಪ. ಅವನು ಕೆಲಸವನ್ನು ಬೆರಳಲ್ಲೇ ತೋರಿಸುತ್ತಿದ್ದ, ಮಾತಿಲ್ಲ, ಕಣ್ಣಿಗೆ ಕಣ್ಣು ಕೊಡುವುದಂತೂ ಇಲ್ಲವೇ ಇಲ್ಲ. ಊಟಕ್ಕೆ ಮೋರಿಸ್ ಬೇರೆ ಕೂರುತ್ತಿದ್ದ. ಅವರನ್ನು ಕಂಡರೆ ಅವನಿಗೆ ಹೇಸಿಗೆಯಾಗುತ್ತಿತ್ತು, ಇನ್ನೂ ಹೆಚ್ಚು ಹೇಸಿಗೆಯಾಗುತ್ತಿದ್ದುದು ಅವರಲ್ಲೊಬ್ಬ ಈಗಲೂ ಏನಾದರೂ ಹೇಳಿಯಾನೆಂದು ಕಾಯುತ್ತಿದ್ದ ತನ್ನ ಬಗ್ಗೆ. ಮೆಲಿಶಾ ಪರೀಕ್ಷೆ ಬರೆದಳು. ಏಪ್ರಿಲ್ ಇಪ್ಪತ್ತೆಂಟಕ್ಕೆ ಮೂವರೂ ಮಂಗಳೂರಿನಲ್ಲಿ ಇಳಿದರು. ಕುವೈತಿನ ಇಪ್ಪತ್ತೆರಡು ವರ್ಷ ಒಟ್ಟು ಏಳು ಪೆಟ್ಟಿಗೆಗಳಲ್ಲಿ ಮುಗಿದಿತ್ತು.

ಆ ವರ್ಷ ನವೆಂಬರಿನ ಒಂದು ಬೆಳಿಗ್ಗೆ ಮೂಡುಬೆಳ್ಳೆಯಲ್ಲಿ ಮೋರಿಸನ ಫೋನು ಹೊಡೆದುಕೊಂಡಿತು. ಕುವೈತ್ ನಂಬರು.

"ನಾನು, ತನಿಯಪ್ಪ."

ಮೋರಿಸ್ ಫೋನು ಇಡಲು ಹೋದವನು ಇಡಲಿಲ್ಲ.

"ಹೊಸ ಪೀಪಾಯಿ ಬೇಸಿಗೆಗೆ ಮೊದಲೇ ಬಂದಿದೆ, ಹನ್ನೆರಡು. ಬೀಗದ ಕೈ ನನ್ನ ಹತ್ರ ಉಂಟು. ಹಕೀಂ ಕೊಟ್ಟದ್ದು." "ಸೆಕೆ ಏರಿದಾಗ ಹುಡುಗರು ಬಾಗಿಲಿಗೆ ಬಂದರು. ನಾನು ಬೈದು ಓಡಿಸಿದೆ. ಈಗ ನನ್ನನ್ನು ಕಂಡರೆ ಉಗುಳ್ತಾರೆ."

"ಉಗುಳ್ಲಿ," ಎಂದ ಮೋರಿಸ್.

"ಆ ದಿನ ನಾನು ಬಾಯಿ ಬಿಡ್ಬೇಕಿತ್ತು."

"ಬಿಡ್ಲಿಲ್ಲ."

"ಇಲ್ಲ. ಹೆದರಿದೆ."

"ನಾನು ಅದನ್ನು ಮರೆತಿಲ್ಲ ತನಿಯಪ್ಪ. ಮರೆಯುವುದೂ ಇಲ್ಲ. ಎಂತಕ್ಕೆ ಫೋನ್ ಮಾಡಿದ್ದು, ಅದನ್ನು ಹೇಳು."

"ಕೊಳವೆ ತುಂಬಿಸಿ ಇಟ್ಟಿದ್ದೇನೆ. ಎಣಿಕೆ ಬೇಗ ಎಣಿಸ್ಬೇಕಾ, ಮೆಲ್ಲ ಎಣಿಸ್ಬೇಕಾ, ನನಗೆ ಗೊತ್ತಿಲ್ಲ. ನಾನು ಫೋನನ್ನು ಹತ್ರ ಹಿಡೀತೇನೆ. ನೀನು ಎಣಿಸು."

ಮೋರಿಸನಿಗೆ ಬೈಯಬೇಕೆನಿಸಿತು. ಬಾಯಿ ತುಂಬ ಮಾತು ಇತ್ತು. ಆದರೆ ಅಷ್ಟರಲ್ಲಿ ಆ ಕಡೆ ತನಿಯಪ್ಪ, "ಬಿಟ್ಟೆ," ಎಂದುಬಿಟ್ಟ. ಮೋರಿಸ್ ಕಣ್ಣು ಮುಚ್ಚಿ ಎಣಿಸತೊಡಗಿದ. ಆರು ದಾಟಿತು. ಹನ್ನೊಂದು. ಹದಿನಾಲ್ಕು. ಅಡುಗೆಮನೆಯಿಂದ ಜೆಸ್ಸಿ ಯಾರು ಎಂದು ಕೇಳಿದಳು, ಅವನು ಕೈಯೆತ್ತಿ ತಡೆದ. ಹದಿನೆಂಟು. ಹತ್ತೊಂಬತ್ತು.

ಟಕ್.

"ಎಷ್ಟು?" ಎಂದ ತನಿಯಪ್ಪ.

"ಹತ್ತೊಂಬತ್ತು," ಎಂದ ಮೋರಿಸ್. ಅವನ ದನಿ ಒಡೆದಿತ್ತು. ಅದಕ್ಕೇ ಇನ್ನೂ ಗಟ್ಟಿಯಾಗಿ ಗದರಿದ. "ಹನ್ನೆರಡು ಪೀಪಾಯಿ ಉಂಟಲ್ಲ, ಇದು ಒಂದಾಯ್ತು. ಇನ್ನೂ ಹನ್ನೊಂದು ಯಾರು ನೋಡುವುದು, ನಿನ್ನ ಅಜ್ಜನಾ? ತುಂಬಿಸು ಮುಂದಿನದನ್ನು."